ಮೋಟರ್‌ಹೋಮ್‌ನ ಗಾಳಿ ಸೋರಿಕೆ: ನನ್ನ ಅನುಭವ

ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾವು 40 ಅಡಿ ಉದ್ದದ ಹಳೆಯ ಡೀಸೆಲ್ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಬಸ್ಸಿನಂತಹ ಗಾಡಿ) ಒಂದನ್ನು ಕೊಂಡ ಕೆಲವೇ ವಾರಗಳಲ್ಲಿ, ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಹಿಂದಿನ ಬಲಮೂಲೆಗೆ ವಾಲಿಕೊಳ್ಳತೊಡಗಿತು. ತೋರಿಸಿದ ವರ್ಕ್‌ಶಾಪ್‌ನಲ್ಲಿ ಸಸ್ಪೆನ್ಶನ್ನಿನ ಗಾಳಿಚೀಲಗಳನ್ನೇ, ಅಂದರೆ ಸ್ಪ್ರಿಂಗಿನಂತೆ ಗಾಡಿಯ ಭಾರ ಹೊರುವ ರಬ್ಬರ್ ಚೀಲಗಳನ್ನೇ, ಬದಲಿಸಬೇಕೆಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಇಂತಹ ಗಾಡಿಯಲ್ಲಿ ಬ್ರೇಕ್ ಮತ್ತು ಸಸ್ಪೆನ್ಶನ್ ಎರಡಕ್ಕೂ ಒಂದೇ ಕಂಪ್ರೆಸರ್ ಗಾಳಿ ಕೊಡುತ್ತದೆ. ಆದ್ದರಿಂದ ಸೋರಿಕೆ ಎಲ್ಲಿದೆ ಎಂದು ತಿಳಿಯದೆ ಬಿಡಿಭಾಗ ಬದಲಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಬ್ರೇಕ್ ಪರೀಕ್ಷಿಸಿದೆ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಗಾಳಿ ಪೂರ್ತಿ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಟ್ಟೆ. ಹಿಂದೆ ಟ್ರೈಲರ್ ಇಲ್ಲದ ಒಂಟಿ ಗಾಡಿಯಲ್ಲಿ ನಿಮಿಷಕ್ಕೆ 2 ಪಿಎಸ್ಐಗಿಂತ (ಪಿಎಸ್ಐ ಎಂದರೆ ಗಾಳಿಯ ಒತ್ತಡದ ಅಳತೆ), ಪೆಡಲ್ ಒತ್ತಿ ಹಿಡಿದಾಗ 3 ಪಿಎಸ್ಐಗಿಂತ ಹೆಚ್ಚು ಒತ್ತಡ ಇಳಿಯಬಾರದು. ನಮ್ಮ ಗಾಡಿಯಲ್ಲಿ ಒತ್ತಡ ಮಾಪಕದ ಮುಳ್ಳು ಹೆಚ್ಚುಕಡಿಮೆ ಅಲುಗಲೇ ಇಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ರಾತ್ರಿ 120 ಪಿಎಸ್ಐ ತೋರಿಸಿದ್ದ ಹಿಂದಿನ ಟ್ಯಾಂಕಿನ ಮಾಪಕ 70ಕ್ಕೆ ಇಳಿದಿತ್ತು. ಎರಡು ಗಂಟೆ ಕಳೆದು ನೋಡಿದರೂ ಅಲ್ಲಿಯೇ ಇತ್ತು. ಬ್ರೇಕಿಗೆ ಮೀಸಲಾದ ಗಾಳಿ ಉಳಿಯಲೆಂದು ಇತರ ಮಾರ್ಗಗಳನ್ನು ಮುಚ್ಚಿಬಿಡುವ ರಕ್ಷಣಾ ವಾಲ್ವ್ ಕೆಲಸ ಮಾಡುವುದು ಸುಮಾರು ಆ ಒತ್ತಡದಲ್ಲಿಯೇ. ಅಂದರೆ ಸೋರಿಕೆ ಆ ವಾಲ್ವಿನ ಆಚೆ, ಸಸ್ಪೆನ್ಶನ್ ಕಡೆಗಿದೆ. ಬಲಭಾಗ ತಗ್ಗಿದಂತೆಲ್ಲ ಎತ್ತರ ಕಾಯುವ ವಾಲ್ವ್ ತೆರೆದುಕೊಂಡು ಟ್ಯಾಂಕಿನ ಗಾಳಿಯನ್ನು ಅತ್ತ ಹರಿಸುತ್ತಿತ್ತು, ರಕ್ಷಣಾ ವಾಲ್ವ್ ಮುಚ್ಚಿದ ಮೇಲೆ ಪೂರೈಕೆ ನಿಂತು ಮೂಲೆ ಕುಸಿಯುತ್ತಿತ್ತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗಾಳಿಯ ಆಧಾರದಲ್ಲಷ್ಟೇ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು. ಟ್ಯೂಬೊಂದು ಕಳಚಿದರೆ ಹದಿನಾರು ಟನ್ ಭಾರ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಹೈಡ್ರಾಲಿಕ್ ಜ್ಯಾಕ್‌ಗಳನ್ನೂ ನಂಬದೆ, ಚಾಸಿಗೆ ತಕ್ಕ ಸಾಮರ್ಥ್ಯದ ಉಕ್ಕಿನ ಸ್ಟ್ಯಾಂಡ್‌ಗಳನ್ನು ಕೊಟ್ಟ ಮೇಲೆಯೇ ನಾನು ಒಳಗೆ ಹೋದೆ.

ಪಾತ್ರೆ ತೊಳೆಯುವ ಸೋಪಿನ ನೀರನ್ನು ಗಾಳಿಚೀಲದ ಮಡಿಕೆಗಳಿಗೆ, ಅದರ ಮೇಲಿನ ತಟ್ಟೆಗೆ, ವಾಲ್ವಿನ ಗಾಳಿ ಬಿಡುವ ಬಾಯಿಗೆ ಸಿಂಪಡಿಸಿದೆ. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಕೊನೆಗೆ ವಾಲ್ವಿನಿಂದ ಚೀಲಕ್ಕೆ ಹೋಗುವ ನೈಲಾನ್ ಟ್ಯೂಬಿನ ಒತ್ತುಜೋಡಣೆಯ (ಟ್ಯೂಬನ್ನು ಒಳಕ್ಕೆ ಒತ್ತಿದರೆ ಹಿಡಿದುಕೊಳ್ಳುವ ಫಿಟಿಂಗ್) ಸುತ್ತ, ಉಕ್ಕಲಿರುವ ಹಾಲಿನ ಅಂಚಿನಲ್ಲಿ ಕಾಣುವಂತಹ ಸಣ್ಣ ನೊರೆ ನಿಧಾನವಾಗಿ ಮೂಡಿತು. ಆ ಮಾರ್ಗದ ಗಾಳಿಯನ್ನು ಪೂರ್ತಿ ಬಿಟ್ಟು ಟ್ಯೂಬ್ ಎಳೆದು ನೋಡಿದರೆ, ಹಿಂದೆ ಯಾರೋ ಅದನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಿದ್ದರು. ಹಾಗಾಗಿ ಒಳಗಿನ ರಬ್ಬರ್ ಉಂಗುರ ಒಂದು ಬದಿಯಲ್ಲಿ ಸರಿಯಾಗಿ ಹಿಡಿದಿರಲಿಲ್ಲ. ಟ್ಯೂಬ್ ಕಟರಿನಿಂದ ಅರ್ಧ ಇಂಚು ನೇರವಾಗಿ ಕತ್ತರಿಸಿ, ತುದಿ ಒರೆಸಿ, ತಳ ಮುಟ್ಟುವವರೆಗೆ ಒತ್ತಿದೆ.

ಅದೇ ದಿನ ಕಂಪ್ರೆಸರಿನ ಗಾಳಿ ಮೊದಲು ಬಂದು ಸೇರುವ ಟ್ಯಾಂಕಿನ ಡ್ರೇನ್ ತೆರೆದಾಗ ಹಾಲಿನ ಬಣ್ಣದ, ಎಣ್ಣೆ ಬೆರೆತ ನೀರು ಬಂದದ್ದರಿಂದ ಗಾಳಿಯ ತೇವ ತೆಗೆಯುವ ಏರ್ ಡ್ರೈಯರಿನ ಕಾರ್ಟ್ರಿಡ್ಜನ್ನೂ ಬದಲಿಸಿದೆ. ಹನ್ನೆರಡು ಗಂಟೆಗಳ ನಂತರ ಮಾಪಕ 114 ತೋರಿಸುತ್ತಿತ್ತು, ಗಾಡಿ ನೆಟ್ಟಗೆ ನಿಂತಿತ್ತು.