ಲೀಡರ್ ಯಾರು ಅಂತ ಹುಡುಕೋಕೆ ನಂಗೆ ಎರಡು ತಿಂಗಳು ಬೇಕಾಯ್ತು

ನಾನು ಪಿಆರ್, ಅಂದ್ರೆ ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಬಂದು ಹನ್ನೊಂದು ವರ್ಷ ಆಯ್ತು, ಎಂಎನಲ್ಲಿ ಓದಿದ ಥಿಯರಿ ಎಲ್ಲಾ ಪರೀಕ್ಷೆ ಮುಗಿದ ದಿನಾನೇ ಮರೆತಿದ್ದೆ. ಅದು ಮತ್ತೆ ನೆನಪಾಗಿದ್ದು ಒಂದು ನೀರಿನ ಮೀಟರ್ ಪ್ರಾಜೆಕ್ಟಲ್ಲಿ. ಊರಿನ ಹೆಸರು ಬೇಡ. ಎರಡು ವಾರ್ಡಿಗೆ 24 ಗಂಟೆ ನೀರು, ಅದಕ್ಕೆ ಮನೆಮನೆಗೆ ಮೀಟರ್, ಜನ ಮಾತ್ರ ಬಿಲ್ಕುಲ್ ಬೇಡ ಅಂತಿದ್ರು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದ್ವಿ. ಪಾಂಪ್ಲೆಟ್ ಹಂಚಿದ್ವಿ, ಆಟೋಗೆ ಮೈಕ್ ಕಟ್ಟಿ ಸುತ್ತಿಸಿದ್ವಿ, ಪ್ರೆಸ್‌ಮೀಟ್ ಮಾಡಿದ್ವಿ, ಪೇಪರಲ್ಲೂ ಚೆನ್ನಾಗೇ ಬಂತು, ಆದ್ರೆ ಮೀಟರ್ ಹಾಕೋಕೆ ಹೋದ ಹುಡುಗ್ರನ್ನ ಗೇಟಿಂದಾನೇ ವಾಪಸ್ ಕಳಿಸಿದ್ರು. ಆಗ ಎಂಎನಲ್ಲಿ ಓದಿದ್ದ ಲ್ಯಾಜಾರ್ಸ್‌ಫೆಲ್ಡ್ ಅನ್ನೋ ಸಮಾಜಶಾಸ್ತ್ರಜ್ಞ ನೆನಪಾದ. 1940ರ ಅಮೆರಿಕಾ ಚುನಾವಣೆ ಟೈಮಲ್ಲಿ ಒಹಾಯೋದ ಈರಿ ಕೌಂಟಿ ಜನರನ್ನ ಅವನ ತಂಡ ತಿಂಗಳುಗಟ್ಟಲೆ ಮತ್ತೆಮತ್ತೆ ಮಾತಾಡಿಸಿತ್ತಲ್ಲ, ಜನ ಮನಸ್ಸು ಬದಲಾಯಿಸೋಕೆ ರೇಡಿಯೋ ಪೇಪರ್‌ಗಿಂತ ಪಕ್ಕದವರ ಮಾತೇ ಜಾಸ್ತಿ ಕಾರಣ ಅಂತ ಕಂಡಿತ್ತು. ಮಾತು ಮೀಡಿಯಾದಿಂದ ಒಪೀನಿಯನ್ ಲೀಡರ್‌ಗೆ, ಅಂದ್ರೆ ಸುತ್ತಲಿನವ್ರು ಯಾರ ಮಾತು ಕೇಳ್ತಾರೋ ಅವ್ರಿಗೆ, ಅವ್ರಿಂದ ಮಿಕ್ಕವ್ರಿಗೆ, ಹೀಗೆ ಎರಡು ಹೆಜ್ಜೇಲಿ ಹೋಗುತ್ತೆ ಅನ್ನೋದು ಅಲ್ಲಿಂದ ಬಂದಿದ್ದು.

ಸರಿ, ಲೀಡರ್ ಅಂದ್ರೆ ಯಾರು, ಕಾರ್ಪೊರೇಟರ್, ರಿಟೈರ್ಡ್ ಹೆಡ್‌ಮಾಸ್ಟ್ರು, ದೇವಸ್ಥಾನದ ಕಮಿಟಿಯವ್ರು. ಎಲ್ಲರನ್ನೂ ಕರೆದು ಶಾಮಿಯಾನ ಹಾಕಿ ಉಪ್ಪಿಟ್ಟು ಕೇಸರಿಬಾತ್ ಕೊಟ್ಟು ಮೀಟಿಂಗ್ ಮಾಡಿದ್ವಿ, ಎಲ್ಲರೂ ತಲೆ ಆಡಿಸಿದ್ರು, ಉಪ್ಪಿಟ್ಟು ಖಾಲಿ ಆಯ್ತು. ಮಾರನೇ ದಿನ ಮತ್ತೆ ಅದೇ ಕಥೆ.

ಒಂದ್ ಅಜ್ಜಿ ನನ್ನ ನಿಲ್ಲಿಸಿ, 'ಅಲ್ಲಪ್ಪಾ, ನೀರು ಬರೋಕ್ ಮುಂಚೆ ಗಾಳಿ ಬಂದ್ರೂ ಆ ಮುಳ್ಳು ತಿರುಗುತ್ತಂತಲ್ಲ, ಗಾಳಿಗೂ ದುಡ್ಡು ಕೊಡ್ಬೇಕಾ?' ಅಂದ್ರು. ಯಾರಮ್ಮ ಹೇಳಿದ್ದು ಅಂದ್ರೆ, ಇನ್ಯಾರು, ನೀರು ಬಿಡೋನು! ವಾಲ್ವ್‌ಮ್ಯಾನ್. ಬೆಳಗಿನ ಜಾವ ಎದ್ದು ಗಲ್ಲಿಗಲ್ಲಿಗೆ ವಾಲ್ವ್ ತಿರುಗಿಸೋನು, ನೀರಿನ ವಿಷ್ಯದಲ್ಲಿ ಅವನ ಮಾತೇ ಕೊನೆ ಮಾತು. ನಾನು ಪುಸ್ತಕ ಅರ್ಧ ಓದಿದ್ದೆ ಅಷ್ಟೇ. ಇದೇ ಲ್ಯಾಜಾರ್ಸ್‌ಫೆಲ್ಡ್ ಮುಂದೆ ಕಾಟ್ಜ್ ಅನ್ನೋ ಇನ್ನೊಬ್ಬ ಸಂಶೋಧಕನ ಜೊತೆ ಸೇರಿ ಇಲಿನಾಯ್‌ನ ಡೆಕೇಟರ್ ಊರಿನ ಹೆಂಗಸ್ರನ್ನ ಮಾತಾಡಿಸಿ 1955ರಲ್ಲಿ ಬರೆದಿದ್ದು ಏನು? ಸಾಮಾನು ಕೊಳ್ಳೋದಕ್ಕೆ ಒಬ್ರು, ಫ್ಯಾಷನ್‌ಗೆ ಇನ್ನೊಬ್ರು, ಸಿನಿಮಾಗೆ ಮತ್ತೊಬ್ರು, ವಿಷಯಕ್ಕೊಬ್ಬ ಲೀಡರ್.

ವಾಲ್ವ್‌ಮ್ಯಾನ್ ಜೊತೆ ಟೀ ಕುಡಿತಾ ಕೂತೆ. ಅವನು ಹೇಳಿದ್ದು ಸುಳ್ಳೇನಲ್ಲ, ಬಿಟ್ಟುಬಿಟ್ಟು ನೀರು ಬರೋ ಪೈಪಲ್ಲಿ ಗಾಳಿ ತುಂಬ್ಕೊಂಡು ಮೀಟರ್ ಓಡೋದು ನಿಜ. ಆದ್ರೆ ಅಸಲಿ ಭಯ ಬೇರೆ, ದಿನಪೂರ್ತಿ ನೀರು ಬಂದ್ರೆ ವಾಲ್ವ್ ತಿರುಗಿಸೋನು ಯಾಕೆ ಬೇಕು ಸಾರ್ ಅಂದ.

ಇದನ್ನ ಇಂಜಿನಿಯರ್‌ಗೆ ಹೇಳಿದ್ರೆ, 'ನಿಮ್ಮನ್ನ ಕರ್ಸಿದ್ದು ಜನಕ್ಕೆ ಹೇಳೋಕೆ ಕಣ್ರೀ, ನಮಗೆ ಹೇಳೋಕಲ್ಲ' ಅಂದ್ರು. ಗ್ರೂನಿಗ್ ಮತ್ತು ಹಂಟ್ ಅನ್ನೋ ಇಬ್ರು ಪಿಆರ್ ಪಂಡಿತರು 1984ರಲ್ಲಿ ಪಿಆರ್‌ಗೆ ನಾಲ್ಕು ಮಾದರಿ ಹೇಳಿದ್ರಲ್ಲ, ಮೂರನೇದು ಜನರ ಮಾತು ಕೇಳಿಸ್ಕೊಂಡು ಜನರನ್ನೇ ಬದಲಾಯಿಸೋದು, ನಾಲ್ಕನೇದು ಕೇಳಿಸ್ಕೊಂಡು ಆಫೀಸೂ ಬದಲಾಗೋದು. ಪರೀಕ್ಷೇಲಿ ಹತ್ತು ಮಾರ್ಕ್ಸ್‌ಗೆ ಬರೆದಿದ್ದ ಆ ವ್ಯತ್ಯಾಸ ಆ ಕುರ್ಚಿ ಮೇಲೆ ಕೂತು ಬೈಸ್ಕೊಂಡಾಗ ಅರ್ಥ ಆಯ್ತು. ಮೂರು ಮೀಟಿಂಗ್ ಆದ್ಮೇಲೆ ಒಪ್ಪಿದ್ರು, ಎತ್ತರದ ಜಾಗದಲ್ಲಿ ಪೈಪಿನ ಗಾಳಿ ಹೊರಗೆ ಬಿಡೋ ಏರ್ ವಾಲ್ವ್ ಹಾಕೋದು, ಎರಡು ತಿಂಗಳು ಬಿಲ್ ಬರೀ ತೋರಿಸೋಕೆ, ವಸೂಲಿ ಇಲ್ಲ, ವಾಲ್ವ್‌ಮ್ಯಾನ್‌ಗೆ ಲೀಕೇಜ್ ನೋಡೋ ಕೆಲಸ. ಆಮೇಲೆ ಹೊಸ ಪಾಂಪ್ಲೆಟ್ ಏನೂ ಬೇಕಾಗ್ಲಿಲ್ಲ, ಅವನೇ ಮನೆಮನೆಗೆ ಹೇಳ್ಕೊಂಡ್ ಬಂದ. ಒಂದು ಗಲ್ಲಿಯವ್ರು ಮಾತ್ರ ಇವತ್ತಿಗೂ ಒಪ್ಪಿಲ್ಲ.

ಮುಂದಿನ ವರ್ಷ ಅದೇ ಊರಲ್ಲಿ ಹಸಿ ಕಸ ಒಣ ಕಸದ ಕೆಲಸ ಸಿಕ್ತು, ಸೀದಾ ಅವನ ಹತ್ರಾನೇ ಹೋದೆ. ನಕ್ಕುಬಿಟ್ಟ. 'ಕಸದ್ದು ನನ್ನನ್ಯಾಕ್ ಕೇಳ್ತೀರಿ ಸಾರ್, ಗಾಡಿ ಅಕ್ಕನ್ನ ಕೇಳಿ.'