ಮಲೆನಾಡಿನ ಗುಡ್ಡಕ್ಕೆ ನಾಯಿಯೊಂದಿಗೆ ಹೊರಟರೆ

ಮೊದಲು ದಾರಿ ಆರಿಸಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರ ಪರ್ವತವಿರುವ ಪುಷ್ಪಗಿರಿ ಅಭಯಾರಣ್ಯದಂಥ ಕಡೆಗೆ ಸಾಕುನಾಯಿ ಒಯ್ಯಲೇಬೇಡಿ. ನಮ್ಮ ನಾಯಿಗಳ ಡಿಸ್ಟೆಂಪರ್ ರೋಗ ಸೀಳುನಾಯಿಗಳಿಗೂ ತಗಲುತ್ತದೆ. ಬೇರೆ ಗುಡ್ಡವಾದರೂ ಅರಣ್ಯ ಕಚೇರಿಯಲ್ಲಿ ಕೇಳಿಯೇ ಹೊರಡಿ. ರೇಬಿಸ್, ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆಗಳ ಅವಧಿ ಮುಗಿದಿರಬಾರದು. ರಕ್ತ ಹೀರುವ ಉಣ್ಣೆ (ಉಣುಗು) ತಡೆಯುವ ಮಾತ್ರೆಯನ್ನು ನಾಯಿಯ ತೂಕ ನೋಡಿ ಪಶುವೈದ್ಯರೇ ಕೊಡಲಿ.

ಕತ್ತಿನ ಪಟ್ಟಿ ಸಾಲದು, ಹಿಂದಕ್ಕೆ ಜಗ್ಗಿದರೆ ಕಳಚಿಬಿಡುತ್ತದೆ. ಬೆನ್ನ ಮೇಲೆ ಹಿಡಿಕೆಯಿರುವ ಎದೆಪಟ್ಟಿ ಹಾಕಿ, ಹಗ್ಗ ಎರಡು ಮೀಟರ್ ಮೀರದಿರಲಿ. ಎಷ್ಟೇ ಮಾತು ಕೇಳುವ ನಾಯಿಯಾದರೂ ಹಗ್ಗ ಬಿಚ್ಚಬೇಡಿ. ಬಿಟ್ಟ ನಾಯಿ ಆನೆಗೆ ಬೊಗಳಿ, ಅದು ಅಟ್ಟಿಸಿಕೊಂಡು ಬಂದಾಗ ನೇರ ನಿಮ್ಮ ಕಾಲಡಿಗೇ ಓಡಿಬರುತ್ತದೆ. ಚಿರತೆಗೆ ನಾಯಿಯೆಂದರೆ ಸುಲಭದ ಬೇಟೆ; ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನಡೆಯಬೇಡಿ. ಕಾಡಿಗಿಂತಲೂ ತೋಟದಂಚಿನ ಬೇಲಿಗೆ ಹೆಚ್ಚು ಹೆದರಬೇಕು. ಕಾಡುಹಂದಿಗೆಂದು ಕದ್ದು ಒಡ್ಡಿದ ತಂತಿ ಉರುಳು ಅಲ್ಲಿರಬಹುದು. ತಿನಿಸಿನೊಳಗೆ ಹುದುಗಿಸಿದ ಸಿಡಿಮದ್ದೂ ಇರಬಹುದು, ಕಚ್ಚಿದರೆ ದವಡೆಯೇ ಛಿದ್ರ. ನೆಲದಲ್ಲಿ ಬಿದ್ದದ್ದಕ್ಕೆ ಬಾಯಿ ಹಾಕದಂತೆ ಮನೆಯಲ್ಲೇ ಪಳಗಿಸಿರಿ. ಉರುಳಿಗೆ ಸಿಕ್ಕರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ನಾಯಿಯನ್ನು ಉರುಳಿನ ಗೂಟದತ್ತ ಸರಿಸಿ, ತಂತಿ ಸಡಿಲಿಸಿ, ಪಕ್ಕಡಿನಿಂದ ಕತ್ತರಿಸಿ.

ಹತ್ತು ಕಿಲೋ ತೂಕದ ನಾಯಿಗೆ ದಿನದ ನಡಿಗೆಗೆ ಒಂದು ಲೀಟರ್ ನೀರು ಹೊತ್ತಿರಿ. ನಿಂತ ನೀರು ಕುಡಿಸಬೇಡಿ. ಬಂಡೆಯ ಮೇಲೆ ಅಂಗೈಯ ಹಿಂಬದಿಯನ್ನು ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ವಿಪರೀತ ಏದುಸಿರು, ಕೆಂಪು ವಸಡು, ತೂರಾಡುವ ನಡಿಗೆ ಕಂಡರೆ ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದಿಗೆ ನೀರು ಸುರಿದು ಗಾಳಿ ಬೀಸಿ, ಕೂಡಲೇ ವೈದ್ಯರಲ್ಲಿಗೆ ಹೊರಡಿ. ಒದ್ದೆ ಬಟ್ಟೆ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಬಾವು ಏರುವ ಮುನ್ನ ಕತ್ತಿನ ಪಟ್ಟಿ ತೆಗೆದು, ಹೊದಿಕೆಯಲ್ಲಿ ಹೊತ್ತು ಇಳಿಸಿ. ವಿಷನಿರೋಧಕ ಇರುವ ಪಶು ಆಸ್ಪತ್ರೆ ಎಲ್ಲಿದೆಯೆಂದು ಹೊರಡುವ ಮೊದಲೇ ತಿಳಿದಿರಿ. ನಮ್ಮ ನೋವಿನ ಮಾತ್ರೆಗಳು ನಾಯಿಗೆ ವಿಷ, ಕೊಡಲೇಬೇಡಿ.

ಇಳಿದ ಮೇಲೆ ಕಿವಿ, ಕಂಕುಳು, ಬೆರಳಸಂದಿ, ಬಾಲದ ಬುಡ ತಡವಿ ನೋಡಿ. ಇಂಬಳವನ್ನು (ಕಾಡಿನ ಜಿಗಣೆ) ಉಗುರಿನಿಂದ ಅಂಚು ಸರಿಸಿ ಬಿಡಿಸಿ. ಉಣ್ಣೆಯನ್ನು ಕೈಗವಸು ಹಾಕಿ, ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ತಗಲುವುದು ಮುಖ್ಯವಾಗಿ ಉಣ್ಣೆಯಿಂದ. ಮುಂದಿನ ಮೂರು ವಾರದಲ್ಲಿ ನಾಯಿಗೆ ಜ್ವರ ಬಂದರೆ, ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಿ.