‘ಏನಾದ್ರೂ ಬೇಕಿದ್ರೆ ಹೇಳಿ’ ಎನ್ನುವವರಿಗೆ ಕೆಲಸ ಹಂಚುವುದು ಹೇಗೆ?

ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾದರೆ ನೋಡಿಕೊಳ್ಳುವವರ ದಿನಚರಿಯೇ ಬದಲಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ 2–3 ಸಲ, ಪ್ರತಿ ಸಲ ಸುಮಾರು 4 ಗಂಟೆ. ಹೋಗಿಬರುವ ಹೊತ್ತು ಬೇರೆ. ನೆಂಟರು, ಗೆಳೆಯರೆಲ್ಲ ‘ಏನಾದ್ರೂ ಬೇಕಿದ್ರೆ ಹೇಳಿ’ ಅಂತಾರೆ. ಮನಸಾರೆ ಹೇಳುವ ಮಾತೇ ಅದು. ಆದರೆ ಸುಸ್ತಾಗಿ ಕೂತವರಿಗೆ ಕೇಳೋಕೆ ಸಂಕೋಚ. ಆ ಕೇಳುವ ಕೆಲಸವನ್ನೇ ಬೇರೆಯವರು ವಹಿಸಿಕೊಳ್ಳಬೇಕು. ಅದಕ್ಕೆ ಹೊಸ ಆ್ಯಪ್ ಬೇಕಿಲ್ಲ. ವಾಟ್ಸಾಪ್, ಗೂಗಲ್ ಕ್ಯಾಲೆಂಡರ್ ಸಾಕು.

1. ಉಸ್ತುವಾರಿಗೆ ಒಬ್ಬರು
ರೋಗಿಯ ಪಕ್ಕದಲ್ಲಿರುವವರು ಬೇಡ. ಪಕ್ಕದ ಮನೆಯವರೋ ಚಿಕ್ಕಪ್ಪನ ಮಗನೋ ಇರಲಿ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗಳಿಗಂತೂ ಇದು ಹೇಳಿ ಮಾಡಿಸಿದ ಕೆಲಸ. ಅಲ್ಲಿಂದ ಅಡುಗೆ ಮಾಡಿ ಕಳಿಸೋಕಾಗಲ್ಲ, ಪಟ್ಟಿ ನೋಡಿಕೊಳ್ಳಬಹುದು ಅಲ್ವಾ?

2. ಕೆಲಸದ ಪಟ್ಟಿ
‘ಸಹಾಯ ಬೇಕು’ ಎಂದು ಬರೆದರೆ ಯಾರೂ ಮುಂದೆ ಬರುವುದಿಲ್ಲ. ‘ಗುರುವಾರ ಬೆಳಿಗ್ಗೆ 6.30ಕ್ಕೆ ಆಸ್ಪತ್ರೆಗೆ ಬಿಡಬೇಕು, ಕಾರು ಬೇಕು’ ಎಂದರೆ ಬರುತ್ತಾರೆ. ಔಷಧಿ ತರುವುದು, ಮಗುವನ್ನು ಸ್ಕೂಲಿನಿಂದ ಕರೆತರುವುದು, ಕರೆಂಟ್ ಬಿಲ್ ಕಟ್ಟುವುದು, ಎಲ್ಲವೂ ಪಟ್ಟಿಯಲ್ಲಿರಲಿ.

3. ಕ್ಯಾಲೆಂಡರ್
ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, ಇದಕ್ಕೆಂದೇ ಹೊಸದೊಂದನ್ನು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ನಾಲ್ಕೈದು ನಂಬಿಕಸ್ಥರ ಇಮೇಲ್ ಸೇರಿಸಿ, ಬದಲಾವಣೆ ಮಾಡುವ ಅನುಮತಿ ಕೊಡಿ. ಒಪ್ಪಿಕೊಂಡವರ ಹೆಸರು ಕೆಲಸದ ಮುಂದೆಯೇ ಇರಲಿ. ಹಿಂದಿನ ಸಂಜೆಗೊಂದು ರಿಮೈಂಡರ್ ಹಾಕಿ.

4. ವಾಟ್ಸಾಪ್ ಗ್ರೂಪ್
ಇದು ಕೆಲಸಕ್ಕೆ ಮಾತ್ರ. ಗುಡ್ ಮಾರ್ನಿಂಗ್ ಚಿತ್ರ, ಮನೆಮದ್ದಿನ ಫಾರ್ವರ್ಡ್ ಬೇಡ ಎಂದು ಮೊದಲ ದಿನವೇ ಹೇಳಿಬಿಡಿ. ಭಾನುವಾರ ಒಂದು ಪೋಲ್ ಹಾಕಿ, ವಾರದ ಕೆಲಸಗಳನ್ನು ಆಯ್ಕೆಗಳಾಗಿ ಕೊಡಿ. ಒಂದು ಪೋಲ್‌ನಲ್ಲಿ 12 ಆಯ್ಕೆ ಹಿಡಿಯುತ್ತವೆ. ಯಾರೂ ಒತ್ತದೆ ಉಳಿದ ಕೆಲಸಕ್ಕೆ ಉಸ್ತುವಾರಿಯವರೇ ಒಬ್ಬೊಬ್ಬರಿಗೆ ಫೋನ್ ಮಾಡಲಿ. ಗ್ರೂಪಿನಲ್ಲಿ ಸುಮ್ನಿರುವವರು ಫೋನಿನಲ್ಲಿ ‘ಆಯ್ತು’ ಅಂತಾರೆ.

ಗ್ರೂಪಿನಲ್ಲಿ ಪಿನ್ ಮಾಡಿಡಲೇಬೇಕಾದ ಸಂದೇಶ ಒಂದಿದೆ: ಊಟದ ವಿಷಯ. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವುದು ರೂಢಿ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದಿದ್ದಾಗ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ಉಪ್ಪಿನಕಾಯಿ, ಹಪ್ಪಳಕ್ಕೂ ಕಡಿವಾಣ ಇರುತ್ತದೆ. ನೀರಿಗೂ ಅಳತೆ ಇರುತ್ತದೆ. ವೈದ್ಯರು ಕೊಟ್ಟ ಪಟ್ಟಿಯನ್ನು ಹಾಗೇ ಟೈಪ್ ಮಾಡಿ ಹಾಕಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಯಾವ ಕೈಗಿದೆ ಎಂದೂ ಬರೆಯಿರಿ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ಜೊತೆಗೆ ಹೋದವರಿಗೆ ಇದು ಗೊತ್ತಿರಬೇಕು. ಪಿನ್ ಹೆಚ್ಚೆಂದರೆ 30 ದಿನ ಇರುತ್ತದೆ, ಆಮೇಲೆ ಮತ್ತೆ ಹಾಕಬೇಕು.

ರಿಪೋರ್ಟ್, ಆಧಾರ್ ಕಾರ್ಡ್, ಹಾಸಿಗೆಯ ಮೇಲಿನ ಫೋಟೊ ಗ್ರೂಪಿಗೆ ಬೇಡ. ಯಾವ ವಿಷಯ ಹೇಳಬಹುದು ಎಂದು ಕಾಯಿಲೆಯವರನ್ನೇ ಕೇಳಿ. ತುರ್ತಿಗೆ ಗ್ರೂಪಿನ ಉತ್ತರ ಕಾಯದೆ 108ಕ್ಕೆ ಕರೆ ಮಾಡಿ.

5. ನೋಡಿಕೊಳ್ಳುವವರ ಬಿಡುವು
ಇದನ್ನೂ ಕೆಲಸವೆಂದೇ ಬರೆಯಿರಿ: ‘ಶನಿವಾರ 4ರಿಂದ 6, ಮನೆಯಲ್ಲಿ ಕೂತಿರಲು ಒಬ್ಬರು’. ಆ ಹೊತ್ತಲ್ಲಿ ಅವರು ಮಲಗಲಿ, ದೇವಸ್ಥಾನಕ್ಕೆ ಹೋಗಲಿ, ಅವರಿಷ್ಟ. ಮೊದಲ ತಿಂಗಳ ಹುಮ್ಮಸ್ಸು ಆಮೇಲೆ ಇಳಿಯುತ್ತದೆ. ಅದಕ್ಕೇ ಪ್ರತಿ ತಿಂಗಳು ಪಟ್ಟಿ ಹೊಸದಾಗಿ ಮಾಡಿ. ‘ಈ ಸಲ ಆಗಲ್ಲ’ ಎಂದವರನ್ನು ಗ್ರೂಪಿನಿಂದ ತೆಗೆಯಬೇಡಿ, ಮುಂದಿನ ತಿಂಗಳು ಮತ್ತೆ ಕೇಳಿ.